ಮಿದುಳಿನ ಜೀನ್ ಸ್ವಿಚ್ಚುಗಳು: ಇಲಿಗೂ ಮಾನವನಿಗೂ ಒಂದೆಯೇ?

ಮಿದುಳಿನ ರೋಗಗಳಿಗೆ ಸಿದ್ಧಪಡಿಸುವ ಔಷಧಗಳನ್ನು ಮೊದಲು ಇಲಿಗಳ ಮೇಲೆ ಪರೀಕ್ಷಿಸುವುದು ರೂಢಿ. ಅಲ್ಲಿ ಕಂಡ ಫಲಿತಾಂಶ ಮಾನವನಿಗೂ ಅನ್ವಯಿಸುತ್ತದೆಯೇ? 2002ರಲ್ಲಿ ಇಲಿಯ ಜೀನೋಮ್ ಪ್ರಕಟವಾದಾಗ, ಅದರ ಜೀನ್‌ಗಳಲ್ಲಿ ಸುಮಾರು ಶೇ. 99ರಷ್ಟಕ್ಕೆ ಮಾನವನಲ್ಲಿ ಸಂವಾದಿ ಜೀನ್‌ಗಳಿರುವುದು ತಿಳಿಯಿತು. ಆದರೂ ಇಲಿಯ ಮಿದುಳಿನ ತೂಕ ಅರ್ಧ ಗ್ರಾಂನಷ್ಟು. ನಮ್ಮದು ಸುಮಾರು 1,400 ಗ್ರಾಂ. ಈ ಅಂತರಕ್ಕೆ ಕಾರಣವನ್ನು ಜೀನ್‌ಗಳಲ್ಲಿ ಮಾತ್ರ ಹುಡುಕಿದರೆ ಸಾಲದು.

ಒಂದು ಜೀವಿಯ ಎಲ್ಲ ಜೀವಕೋಶಗಳಲ್ಲೂ ಇರುವುದು ಬಹುತೇಕ ಒಂದೇ ಡಿಎನ್‌ಎ. ಯಾವ ಕೋಶದಲ್ಲಿ ಯಾವ ಜೀನ್, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬುದನ್ನು ಪ್ರೋಟೀನ್ ಸಂಕೇತವಿಲ್ಲದ ಕೆಲವು ಡಿಎನ್‌ಎ ತುಣುಕುಗಳು ನಿಯಂತ್ರಿಸುತ್ತವೆ. ಇವೇ ಜೀನ್‌ಗಳ ಸ್ವಿಚ್ಚುಗಳು. ಇವುಗಳಲ್ಲಿ ‘ವರ್ಧಕ’ಗಳೆಂಬ ಬಗೆಯವು ತಮ್ಮ ಜೀನಿನಿಂದ ಲಕ್ಷಾಂತರ ಅಕ್ಷರಗಳಷ್ಟು ದೂರದಲ್ಲೂ ಇರಬಹುದು.

ಇಲಿ ಮತ್ತು ಮಾನವರ ವಂಶಗಳು ಬೇರೆಯಾಗಿ ಸುಮಾರು 8-9 ಕೋಟಿ ವರ್ಷಗಳಾಗಿವೆ. ಇಷ್ಟು ಕಾಲ ಬದಲಾಗದೆ ಉಳಿದ ತುಣುಕು ಮುಖ್ಯವಾದದ್ದೇ ಇರಬೇಕಲ್ಲವೆ? ಮಾನವ, ಇಲಿ, ಹೆಗ್ಗಣಗಳಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲದ, 200 ಅಕ್ಷರಗಳಿಗಿಂತ ಉದ್ದದ 481 ತುಣುಕುಗಳನ್ನು 2004ರಲ್ಲಿ ಗುರುತಿಸಲಾಯಿತು. 2006ರಲ್ಲಿ ವಿಜ್ಞಾನಿಗಳು ಇಂಥ ಸಂರಕ್ಷಿತ ಮಾನವ ತುಣುಕುಗಳಲ್ಲಿ 167ನ್ನು ಇಲಿಯ ಭ್ರೂಣಗಳಲ್ಲಿ ಸೇರಿಸಿ ನೋಡಿದರು. ಸುಮಾರು ಶೇ. 45ರಷ್ಟು ವರ್ಧಕಗಳಂತೆ ಕೆಲಸ ಮಾಡಿದವು. ಅವುಗಳಲ್ಲಿ ಹೆಚ್ಚಿನವು ಬೆಳೆಯುತ್ತಿರುವ ನರಮಂಡಲದಲ್ಲೇ ಚುರುಕಾದವು!

2007ರಲ್ಲಿ ಇದಕ್ಕೆ ವಿರುದ್ಧವೆನಿಸುವ ಸುದ್ದಿ ಬಂತು. ಅಂಥ ನಾಲ್ಕು ತುಣುಕುಗಳನ್ನು ಒಂದೊಂದಾಗಿ ತೆಗೆದುಹಾಕಿದರೂ ಇಲಿಗಳು ಆರೋಗ್ಯವಾಗಿ ಬದುಕಿದವು. ಹಾಗಾದರೆ ಅವು ಅನಾವಶ್ಯಕವೆ? 2018ರ ಪ್ರಯೋಗ ಉತ್ತರ ಕೊಟ್ಟಿತು. ‘ಎಆರ್‌ಎಕ್ಸ್’ ಜೀನಿನ ವರ್ಧಕಗಳನ್ನು ತೆಗೆದ ಇಲಿಗಳು ಬದುಕಿದವು ನಿಜ. ಆದರೆ ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಹಲವುಗಳ ಮಿದುಳಿನ ಬೆಳವಣಿಗೆಯಲ್ಲಿ ದೋಷಗಳು ಕಂಡವು.

ಅಕ್ಷರಗಳು ಒಂದೇ ಆಗಿದ್ದರೆ ಬಳಕೆಯೂ ಒಂದೇ ಎನ್ನಬಹುದೆ? ಸಕ್ರಿಯ ಸ್ವಿಚ್ಚಿನ ಬಳಿ ಡಿಎನ್‌ಎ ಸುತ್ತಿನ ಬಿಗಿ ಸಡಿಲವಾಗಿರುತ್ತದೆ. ಇದನ್ನು ಈಗ ಒಂದೊಂದೇ ಕೋಶದಲ್ಲಿ ಅಳೆಯಬಹುದು. ಮಾನವ, ಎರಡು ಬಗೆಯ ಕೋತಿ ಹಾಗೂ ಇಲಿಗಳ ಚಲನ ಕಾರ್ಟೆಕ್ಸಿನ ಎರಡು ಲಕ್ಷಕ್ಕೂ ಹೆಚ್ಚು ಕೋಶಗಳನ್ನು ಹೀಗೆ ಹೋಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕೆಲವು ಸ್ವಿಚ್ಚುಗಳು ನಾಲ್ಕೂ ಜೀವಿಗಳಿಗೆ ಸಮಾನವಾಗಿದ್ದವು. ಮಾನವನಿಗೇ ವಿಶಿಷ್ಟವಾದವುಗಳಲ್ಲಿ ಸುಮಾರು ಶೇ. 80ರಷ್ಟರ ಮೂಲ ‘ಜಿಗಿಯುವ ಜೀನ್’ಗಳೆಂದು ಹೆಸರಾದ ಡಿಎನ್‌ಎ ತುಣುಕುಗಳು.

ಸ್ಕಿಜೋಫ್ರೇನಿಯದಂಥ ರೋಗಗಳೊಂದಿಗೆ ನಂಟುಳ್ಳ ಡಿಎನ್‌ಎ ವ್ಯತ್ಯಾಸಗಳಲ್ಲಿ ಬಹುಪಾಲು ಇರುವುದು ಜೀನ್‌ಗಳ ಪ್ರೋಟೀನ್ ಸಂಕೇತದಲ್ಲಲ್ಲ, ಅದರ ಹೊರಗೆ. ಆದ್ದರಿಂದ ಇಲಿಯಲ್ಲಿ ಪ್ರಯೋಗ ಹೂಡುವ ಮೊದಲು, ಆ ಜೀನ್ ಅಲ್ಲಿದೆಯೇ ಎಂದಷ್ಟೇ ಅಲ್ಲ, ಅದರ ಸ್ವಿಚ್ಚು ಅದೇ ಬಗೆಯ ಕೋಶದಲ್ಲಿ ಕೆಲಸ ಮಾಡುತ್ತಿದೆಯೇ ಎಂದೂ ನೋಡಬೇಕು.