ಮುಳುಗುವ ಊರಿಗೆ ಗಟಾರವೇಕೆ?

ನಮ್ಮ ಕಡೆಯ ಮುನಸಿಪಾಲಿಟಿಗಳ ಸಭೆಯಲ್ಲಿ ಒಂದು ದಿನವಾದರೂ ಕುಳಿತು ಬಂದವರಿಗೆ ಈ ಮಾತು ಗೊತ್ತು: ಅಲ್ಲಿ ದೊಡ್ಡ ವಿಷಯಗಳು ಬಹಳ ಹೊತ್ತು ನಿಲ್ಲುವುದಿಲ್ಲ. ದೇಶ, ನಾಡು, ನುಡಿ ಎಂದು ಆರಂಭವಾದ ಭಾಷಣವು ಕಾಲು ತಾಸು ಕಳೆಯುವುದರೊಳಗೆ ಯಾವುದೋ ಓಣಿಯ ನಳದ ಹತ್ತಿರ ಬಂದು ನಿಂತಿರುತ್ತದೆ. ನಳಕ್ಕೆ ಎಷ್ಟು ಹೊತ್ತು ನೀರು ಬಿಡಬೇಕು, ಗಟಾರದ ಇಳಿಜಾರು ಯಾವ ಕಡೆಗಿರಬೇಕು, ಹೊಸ ದೀಪದ ಕಂಬ ಯಾರ ಮನೆಯ ಮುಂದೆ ನಿಲ್ಲಬೇಕು—ಪುರಸಭೆಯ ಸಕಲ ಶಾಸ್ತ್ರಗಳೂ ಈ ಮೂರರಲ್ಲಿ ಅಡಗಿವೆ. ನಗುವ ಮಾತಲ್ಲ ಇದು. ಕೊಡ ಹಿಡಿದು ನಸುಕಿನಲ್ಲಿ ಪಾಳಿ ಹಚ್ಚಿ ನಿಂತ ಹೆಣ್ಣುಮಗಳಿಗೆ ಸರಕಾರವೆಂದರೆ ಆ ನಳವೇ.

ಬಾಗಲಕೋಟೆಯ ಪುರಸಭೆಗೆ ಮಾತ್ರ ಈ ಮೂರರ ಮೇಲೆ ನಾಲ್ಕನೆಯ ಪ್ರಶ್ನೆಯೊಂದು ಬಂದು ಕುಳಿತಿತು. ಬೇರೆ ಊರಿನವರಿಗೆ ಅದು ಕನಸಿನಲ್ಲಿಯೂ ಹೊಳೆಯಲಾರದು. ಇಂದಲ್ಲ ನಾಳೆ ನೀರಿನಡಿಗೆ ಹೋಗಲಿರುವ ಊರಿಗೆ ಗಟಾರ ಕಟ್ಟಿಸಬೇಕೆ, ಬೇಡವೆ?

1964ನೆಯ ಇಸವಿಯ ಮೇ 22ರಂದು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಶ್ರೀ ಲಾಲ್ ಬಹಾದುರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಮೂರು ವಾರ ತುಂಬುವುದರೊಳಗೆ ಅವರು ಭಾರತದ ಪ್ರಧಾನಿಗಳಾದರು. 1876-77ರ ಬರಗಾಲದ ಕಥೆಗಳನ್ನು ಅಜ್ಜಿಯರ ಬಾಯಿಂದ ಕೇಳುತ್ತ ಬೆಳೆದ ವಿಜಾಪುರ ಜಿಲ್ಲೆಗೆ ಅದು ಹಬ್ಬದ ದಿನ. ಬಾಗಲಕೋಟೆಯೂ ಆಗ ಅದೇ ಜಿಲ್ಲೆಯ ಒಂದು ಊರು. ತನ್ನ ಹೆಸರಿನ ಜಿಲ್ಲೆಯನ್ನು ಅದು ಪಡೆದದ್ದು 1997ರ ಅಗಸ್ಟ್ 15ರಂದು. ಆದರೆ ಆ ಊರು ನಿಂತಿದ್ದುದು ಘಟಪ್ರಭೆಯ ದಂಡೆಯ ಮೇಲೆ. ಕೃಷ್ಣೆಗೆ ಕಟ್ಟೆ ಬಿದ್ದರೆ ಅವಳಿಗೆ ಕೂಡುವ ಘಟಪ್ರಭೆಯೂ ಹಿಂದಕ್ಕೆ ಸರಿದು ನಿಲ್ಲಬೇಕು. ನಿಂತ ನೀರು ಪೇಟೆಯೊಳಗೆ ಬರಬೇಕು. ನಾಡಿನ ಹೊಲಕ್ಕೆ ನೀರು ಬೇಕು, ಆ ನೀರಿಗೆ ನಿಲ್ಲಲು ತಾವು ಬೇಕು, ಆ ತಾವಿನಲ್ಲಿ ಬಾಗಲಕೋಟೆಯ ಅಂಗಡಿಗಳಿವೆ, ಗುಡಿಗಳಿವೆ, ಮಸೀದಿಗಳಿವೆ, ಅಡತಿಯವರ ಹತ್ತಿಯ ಅಂಡಿಗೆಗಳಿವೆ.

ಊರು ಮುಳುಗುತ್ತದೆ ಎಂಬುದು ಹೀಗೆ ನಿಶ್ಚಯವಾಯಿತು. ಎಂದು, ಎಷ್ಟು ಎಂಬುದು ಮಾತ್ರ ನಿಶ್ಚಯವಾಗಲಿಲ್ಲ. ಕೃಷ್ಣೆಯ ನೀರಿಗಾಗಿ ಮೂರು ರಾಜ್ಯಗಳ ನಡುವೆ ವ್ಯಾಜ್ಯವಿತ್ತು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಯು 1973ರಲ್ಲಿ ತೀರ್ಪು ಕೊಟ್ಟು, 1976ರಲ್ಲಿ ಅದಕ್ಕೆ ಕೊನೆಯ ರೂಪವನ್ನು ಕೊಟ್ಟಿತು. ಆಮೇಲೂ ಅಣೆಕಟ್ಟಿನ ಎತ್ತರದ ಜಗಳ ನಿಲ್ಲದೆ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನೀರನ್ನು 519.60 ಮೀಟರುಗಳವರೆಗೆ ನಿಲ್ಲಿಸಬಹುದೆಂಬ ಅಪ್ಪಣೆ ಅಲ್ಲಿಂದ ಹೊರಬಿದ್ದದ್ದು 2000ನೆಯ ಇಸವಿಯ ಏಪ್ರಿಲದಲ್ಲಿ. ಅಡಿಗಲ್ಲಿನಿಂದ ಅಪ್ಪಣೆಯವರೆಗೆ ಮೂವತ್ತಾರು ವರ್ಷ! ಕಲ್ಲನ್ನಿಟ್ಟ ದಿನ ತೊಟ್ಟಿಲಲ್ಲಿದ್ದ ಕೂಸು ಅಷ್ಟರೊಳಗೆ ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಕಳಿಸುವ ವಯಸ್ಸಿಗೆ ಬಂದಿತ್ತು.

ಈ ಮೂವತ್ತಾರು ವರ್ಷಗಳನ್ನು ಇಂಜಿನಿಯರರ ವರದಿಗಳಲ್ಲಿ ಓದಿದರೆ ಏನೂ ತಿಳಿಯುವುದಿಲ್ಲ. ಪುರಸಭೆಯ ಕುರ್ಚಿಯಲ್ಲಿ ಕುಳಿತು ನೋಡಬೇಕು. ಓಣಿಯ ಹಿರಿಯರು ಅರ್ಜಿ ತರುತ್ತಾರೆ: ಗಟಾರ ಒಡೆದಿದೆ, ಮಳೆಗಾಲದಲ್ಲಿ ಹೊಲಸು ಮನೆಯೊಳಗೆ ಬರುತ್ತದೆ. ಹೊಸದಾಗಿ ಕಟ್ಟಿಸಲು ಠರಾವು ಮಾಡಿದರೆ ಮೇಲಿನ ಅಧಿಕಾರಿಗಳು ಕೇಳುವುದು ಸಹಜ: ಹೋಗುವ ಊರಿಗೆ ಸಾರ್ವಜನಿಕರ ದುಡ್ಡೇಕೆ? ಕಟ್ಟಿಸುವುದಿಲ್ಲವೆಂದರೆ ಓಣಿಯವರು ಕೇಳುವುದೂ ಅಷ್ಟೇ ಸಹಜ: ನೀರು ಬರುವವರೆಗೆ ನಾವು ಹೊಲಸಿನಲ್ಲಿ ಇರಬೇಕೆ? ಎರಡು ಪ್ರಶ್ನೆಗಳೂ ನ್ಯಾಯವಾದವು. ಎರಡಕ್ಕೂ ಒಂದೇ ಉತ್ತರ ಸಾಲದು. ಒಬ್ಬ ಮನೆಯ ಯಜಮಾನನೂ ಇದನ್ನೇ ಲೆಕ್ಕ ಹಾಕುತ್ತ ಕುಳಿತಿರುತ್ತಾನೆ—ಮಾಳಿಗೆ ಸೋರುತ್ತಿದೆ, ಮಣ್ಣು ಹಾಕಿಸಲೋ, ಬಿಡಲೋ? ಪರಿಹಾರದ ಪಂಚನಾಮೆಗೆ ಬಂದವರು ಹೊಸ ಮಾಳಿಗೆಗೆ ಹೆಚ್ಚು ಬೆಲೆ ಕಟ್ಟುವರೋ, ಹಳೆಯದೆಂದೇ ಬರೆದುಕೊಳ್ಳುವರೋ? ಮುಳುಗುವ ಊರು ನೀರು ಬರುವುದಕ್ಕೆ ಬಹಳ ಮೊದಲೇ ಹೀಗೆ ಒಳಗಿನಿಂದ ಸೋರಲು ತೊಡಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಇಂಥ ಊರಿನ ಪುರಸಭೆಯು ಗಟಾರವನ್ನು ಕಟ್ಟಿಸಲೇಬೇಕು. ಮೂವತ್ತಾರು ವರ್ಷವೆಂದರೆ ಒಂದು ಗಟಾರದ ಪೂರ್ಣಾಯುಷ್ಯ. ಅಡಿಗಲ್ಲಿನ ಮರುದಿನವೇ ಕಟ್ಟಿಸಿದ್ದರೂ ಅದು ತನ್ನ ಋಣ ತೀರಿಸಿ, ಮುಪ್ಪಾಗಿ ಒಡೆದ ಬಳಿಕವೇ ನೀರು ಬರುತ್ತಿತ್ತು! ಇದು ಈಗ ಹಿಂದಿರುಗಿ ನೋಡುವವರ ಜಾಣತನವೆಂದು ಯಾರಾದರೂ ಆಡಿಕೊಂಡರೆ ಒಪ್ಪಬೇಕಾದೀತು. ಆಗ ಕುರ್ಚಿಯಲ್ಲಿದ್ದವರಿಗೆ ಮುಂದಿನ ವರ್ಷವೇ ನೀರು ಬಂದರೂ ಬರಬಹುದೆಂಬ ಅಂಜಿಕೆಯಿತ್ತು.

ಅವರ ಕೈಯಲ್ಲಿ ಹಣವಾದರೂ ಇತ್ತೆ? ಇಲ್ಲಿ ಜಕಾತಿಯ ಮಾತನ್ನು ಆಡದೆ ಮುಂದೆ ಹೋಗುವಂತಿಲ್ಲ. ಊರ ಅಗಸೆಯ ನಾಕೆಯಲ್ಲಿ ಗಾಡಿ ನಿಲ್ಲಿಸಿ, ಒಳಗೆ ಬರುವ ಸರಕಿಗೆ ತೆರಿಗೆ ಎತ್ತುತ್ತಿದ್ದ ಆ ಪದ್ಧತಿ ನಮ್ಮ ವ್ಯಾಪಾರದ ಊರುಗಳ ಮುನಸಿಪಾಲಿಟಿಗಳಿಗೆ ಅನ್ನದ ಬಟ್ಟಲಾಗಿತ್ತು. ನಾಕೆಯ ಕಾರಕೂನನ ಕಿರುಕುಳದಿಂದ ಬೇಸತ್ತ ವ್ಯಾಪಾರಿಗಳು ಅದನ್ನು ಶಪಿಸಿದರು. 1979ರಲ್ಲಿ ರಾಜ್ಯ ಸರಕಾರ ಅದನ್ನು ರದ್ದುಪಡಿಸಿತು. ಗಾಡಿಕಾರನಿಗೆ ಬಿಡುಗಡೆಯಾಯಿತೇನೋ ನಿಜ. ಆದರೆ ಅಂದಿನಿಂದ ಪುರಸಭೆಯು ಮನೆಪಟ್ಟಿ, ನೀರಪಟ್ಟಿಗಳ ಚಿಲ್ಲರೆ ಎಣಿಸುತ್ತ, ಉಳಿದುದಕ್ಕೆ ಬೆಂಗಳೂರಿನ ಅನುದಾನದ ದಾರಿ ಕಾಯಬೇಕಾಯಿತು. ದೊಡ್ಡ ನೀರಿನ ಕೆಲಸಗಳಂತೂ 1973ರ ಕಾಯಿದೆಯಿಂದ ಹುಟ್ಟಿದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಪಾಲಿಗೆ ಹೋದವು. ಅಂದಾಜು ಪತ್ರಿಕೆ ಅವರದು, ಗುತ್ತಿಗೆ ಅವರದು. ನಳದಲ್ಲಿ ನೀರು ಬಾರದಿದ್ದ ದಿನ ಬೈಗುಳ ಮಾತ್ರ ಪುರಸಭೆಯ ಮೆಂಬರನದು.

ಬಾಗಲಕೋಟೆಯಲ್ಲಿ ಇದಕ್ಕೊಂದು ತಿರುವು ಹೆಚ್ಚಾಯಿತು. 1983ರ ಕಾಯಿದೆಯಂತೆ ಪಟ್ಟಣಾಭಿವೃದ್ಧಿ ಪ್ರಾಧಿಕಾರವೆಂಬುದು ಹುಟ್ಟಿತು. ಮುಳುಗುವವರಿಗಾಗಿ ಎತ್ತರದ ನೆಲದಲ್ಲಿ ನವನಗರವನ್ನು ಕಟ್ಟುವುದು ಅದರ ಕೆಲಸ. ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಅದರ ಯೋಜನೆಯಲ್ಲಿತ್ತು. ಅಗಲವಾದ ರಸ್ತೆಗಳು, ಅಳತೆಯ ನಿವೇಶನಗಳು, ನಂಬರು ಹಚ್ಚಿದ ಸೆಕ್ಟರುಗಳು. ಹಳೆಯ ಊರಿನಲ್ಲಿ ಚುನಾಯಿತರಾದವರ ಸಭೆ, ಹೊಸ ಊರಿನಲ್ಲಿ ನೇಮಕವಾದವರ ಪ್ರಾಧಿಕಾರ. ಒಂದೇ ಕುಟುಂಬದ ಅಣ್ಣನು ಹಳೆಯ ಪೇಟೆಯಲ್ಲಿ ಉಳಿದು, ತಮ್ಮನು ನವನಗರಕ್ಕೆ ಹೋದರೆ, ದೀಪ ಆರಿದ ರಾತ್ರಿ ಅಣ್ಣನು ತನ್ನ ವಾರ್ಡಿನ ಮೆಂಬರನ ಬಾಗಿಲು ತಟ್ಟಬೇಕು, ತಮ್ಮನು ಕಚೇರಿಯ ವೇಳೆಯವರೆಗೆ ಕಾಯಬೇಕು. ಮೆಂಬರನು ಕೆಲಸ ಮಾಡಿಯಾನೆಂದು ಯಾರೂ ಆಣೆ ಇಟ್ಟು ಹೇಳಲಾರರು. ಆದರೆ ಬಾಗಿಲು ತಟ್ಟುವುದೊಂದು ಸುಖ, ಅದನ್ನು ಅಲ್ಲಗಳೆಯಬಾರದು.

ಇನ್ನು ಆ ಮೀಟರುಗಳ ವಿಷಯ. ಅಣೆಕಟ್ಟಿನ ಹತ್ತಿರ ನೀರು ಎಷ್ಟು ಎತ್ತರ ನಿಲ್ಲುವುದೋ, ಹಿನ್ನೀರಿನ ಈ ತುದಿಯಲ್ಲಿ ಹೊಳೆ ತುಂಬಿ ಬಂದಾಗ ಅದಕ್ಕಿಂತ ಹೆಚ್ಚು ಏರುತ್ತದೆ. ಆದುದರಿಂದ ಊರಿನ ಯಾವ ಮನೆ ಹೋಗಬೇಕು, ಯಾವುದು ಉಳಿಯಬೇಕು ಎಂಬುದನ್ನು ನೆಲದ ಮಟ್ಟದ ಗೆರೆಯೊಂದು ತೀರ್ಮಾನಿಸಿತು. ಗೆರೆಯ ಕೆಳಗಿನವರು ಪರಿಹಾರ ಪಡೆದು ಹೊರಟರು. ಮೇಲಿನವರು ಉಳಿದರು—ಎದುರುಮನೆ ಇಲ್ಲದ ಓಣಿಯಲ್ಲಿ, ಗಿರಾಕಿಗಳು ಹೋಗಿಬಿಟ್ಟ ಅಂಗಡಿಯಲ್ಲಿ. ಆಲಮಟ್ಟಿಯ ಜಲಾಶಯವನ್ನು 2006ರ ಅಗಸ್ಟದಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ಅದಕ್ಕೆ ಶಾಸ್ತ್ರಿಯವರದೇ ಹೆಸರು. ಅಲ್ಲಿಗೆ ಕಥೆ ಮುಗಿಯಿತೆಂದುಕೊಂಡರೆ, 2010ರ ಡಿಸೆಂಬರದಲ್ಲಿ ಎರಡನೆಯ ನ್ಯಾಯಮಂಡಳಿಯು ನೀರನ್ನು 524.256 ಮೀಟರಿನವರೆಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಹಳೆಯ ಲೆಕ್ಕದಲ್ಲಿ ಇನ್ನೂ ಹದಿನೈದು ಅಡಿ. ಉಳಿದವರ ಓಣಿಗೆ ಗಟಾರ ಕಟ್ಟಿಸಬೇಕೆ ಬೇಡವೆ ಎಂಬ ಪ್ರಶ್ನೆಗೆ ಇದರಿಂದ ಹೊಸ ಆಯುಷ್ಯ ಬಂದಿತು.

ನೆರೆಯ ಊರುಗಳಿಗೆ ಇಂಥ ಗಂಡಾಂತರವಿಲ್ಲ. ಆದರೂ ಅಲ್ಲಿಯ ಸಭೆಗಳ ಕೈಯನ್ನು ಬೇರೆ ಬೇರೆ ಹಗ್ಗಗಳು ಕಟ್ಟಿವೆ. ಬಾದಾಮಿಯನ್ನೇ ನೋಡಿ. ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಹೆಂಗಸರು ಅರಿವೆ ಒಗೆಯುತ್ತಾರೆ, ಮೇಲೆ ಚಾಲುಕ್ಯರ ಗುಹೆಗಳು, ನಡುವೆ ಇಕ್ಕಟ್ಟಾದ ಓಣಿಗಳು. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಏಳಬಾರದು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಗುಹೆ, ಕೋಟೆ, ಗುಡಿಗಳು ಹೆಜ್ಜೆಗೊಂದರಂತೆ ಇರುವ ಊರಿನಲ್ಲಿ ಇಂಥ ವರ್ತುಲಗಳನ್ನು ಎಳೆದರೆ ಹಳೆಯ ಊರಿನಲ್ಲಿ ಉಳಿಯುವುದೆಷ್ಟು? ವಿಶೇಷವೆಂದರೆ ಅದೇ ಕಾಯಿದೆಯು ಗಟಾರ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು ಮತ್ತು ವಿದ್ಯುತ್ತಿನ ಕೆಲಸಗಳನ್ನು ‘ಕಟ್ಟಡ’ವೆಂಬ ಮಾತಿನ ಅರ್ಥದಿಂದ ಹೊರಗಿಟ್ಟಿದೆ. ಪುಲಕೇಶಿಯ ರಾಜಧಾನಿಯೇ ಆಗಲಿ, ಇರುವವರಿಗೆ ನೀರು ಹರಿದು ಬರಬೇಕು, ಹೊಲಸು ಹರಿದು ಹೋಗಬೇಕು ಎಂದು ದಿಲ್ಲಿಯ ಶಾಸನಕಾರರೂ ಒಪ್ಪಿದ ಹಾಗಾಯಿತು. ಬಾದಾಮಿಯ ಮೆಂಬರರು ಈ ಸಾಲನ್ನು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. 2015ರಲ್ಲಿ ಕೇಂದ್ರ ಸರಕಾರ ಪಾರಂಪರಿಕ ನಗರಗಳಿಗೆಂದು ಆರಂಭಿಸಿದ ಹೃದಯ ಯೋಜನೆಯ ಹನ್ನೆರಡು ಊರುಗಳಲ್ಲಿ ಕಾಶಿ, ಪುರಿ, ಅಮೃತಸರಗಳ ಸಾಲಿಗೆ ಬಾದಾಮಿಯೂ ಕುಳಿತಿತ್ತು.

ಇಳಕಲ್ಲಿನ ಕಥೆ ಮತ್ತೊಂದು ಬಗೆಯದು. ಅಲ್ಲಿ ಮನೆಯೇ ಕಾರಖಾನೆ. ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಪುರಸಭೆಯು ಓಣಿಯ ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಮತ್ತೊಂದು ಥರ ಹಾಸಿತೆನ್ನಿ; ಗುತ್ತೇದಾರನಿಗೆ ಅದು ಸುಲಭ, ನೋಡಲಿಕ್ಕೂ ಚೆಂದ. ಹೀಗೆ ಎರಡು ಮೂರು ಸಲ ನಡೆದರೆ ರಸ್ತೆ ಹೊಸ್ತಿಲಿಗಿಂತ ಎತ್ತರವಾಗುತ್ತದೆ. ಮೊದಲ ದೊಡ್ಡ ಮಳೆಯ ನೀರು ಹುಡುಕಿಕೊಂಡು ಹೋಗುವುದು ಮನೆಯ ಅತ್ಯಂತ ತಗ್ಗಿನ ತಾವನ್ನು, ಎಂದರೆ ಮಗ್ಗದ ಕುಣಿಯನ್ನು. ಮಗ್ಗ ನಿಂತ ದಿನ ನೇಕಾರನಿಗೆ ಕೂಲಿಯಿಲ್ಲ. ಮಡಿಲಿಗೊಂದು ದಡಿ, ಸೆರಗಿಗೊಂದು ಟೋಪತೆನಿ ಎಂದು ನಾಡಿನ ಹೆಣ್ಣುಮಕ್ಕಳು ಮೆಚ್ಚಿ ಉಡುವ ಸೀರೆಯು ರಸ್ತೆಯ ಎರಡು ಅಂಗುಲ ಎತ್ತರವನ್ನು ಹೀಗೆ ಅವಲಂಬಿಸಿದೆ. ನೂಲಿಗೆ ಬಣ್ಣ ಕಾಯಿಸುವ ನೀರು, ಕೆಂಪು ಕಲ್ಲನ್ನು ಕೊಯ್ದು ನುಣುಪು ಮಾಡುವಾಗ ಹೊರಡುವ ರಾಡಿ—ಇವಕ್ಕೂ ಹಾದಿ ಬೇಕು. ರಸ್ತೆಯ ಠರಾವು ಬಂದಾಗ ಉದ್ದ, ಅಗಲಗಳನ್ನು ಎಲ್ಲರೂ ಕೇಳುತ್ತಾರೆ. ಎತ್ತರವನ್ನು ಕೇಳುವ ಮೆಂಬರನು ದೊರೆತರೆ ಆ ಓಣಿಯ ಭಾಗ್ಯ.

ಹುನಗುಂದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೊಲ್ಲಾಪುರ–ಚಿತ್ರದುರ್ಗದ ಹೆದ್ದಾರಿಯ ಬದಿಯ ಸಣ್ಣ ಊರು. ಅದರ ಜಗಳಗಳೂ ಅಳತೆಗೆ ತಕ್ಕವು. ಅದೇ ತಾಲೂಕಿನ ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎತ್ತಿ, ನೀರನ್ನು ಹೊರಗೇ ನಿಲ್ಲಿಸಿದರು. ಮೆಟ್ಟಿಲಿಳಿದು ಹೋದರೆ ಇಂದಿಗೂ ಮಂಟಪ ಒಣನೆಲದಲ್ಲಿದೆ. ಅದನ್ನು ಕಂಡು ಕೈಮುಗಿದು ಬರುವ ಬಾಗಲಕೋಟೆಯವನಿಗೆ ತನ್ನ ಪೇಟೆಯ ನೆನಪಾಗದೆ ಇರಲಾರದು. ಒಂದು ಪೇಟೆಯ ಸುತ್ತ ಗೋಡೆ ಎತ್ತಲು ಬರುವುದಿಲ್ಲ ನಿಜ.

ಪುರಸಭೆಗಳ ವಿಷಯಪಟ್ಟಿಕೆಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆಯಿಂದ ಬರುವ ಇತರ ವಿಷಯಗಳು’ ಎಂಬ ಸಾಲೊಂದು ಇರುತ್ತದೆ. ಚಹ ಬಂದು, ಅರ್ಧ ಮಂದಿ ಎದ್ದುಹೋದ ಮೇಲೆ ಮುಖ್ಯ ಕೆಲಸಗಳು ಈ ಸಾಲಿನಲ್ಲಿಯೇ ನಡೆದುಹೋಗುವುದುಂಟು. ತಿಂಗಳಿಗೊಮ್ಮೆ ಸಭೆ ಸೇರಬೇಕೆಂದು 1964ರ ಪುರಸಭೆಗಳ ಕಾಯಿದೆ ಹೇಳುತ್ತದೆ; ಕಾಕತಾಳೀಯವೆನ್ನಿ, ಆ ಕಾಯಿದೆಯೂ ಆಲಮಟ್ಟಿಯ ಅಡಿಗಲ್ಲೂ ಒಂದೇ ವರ್ಷದವು.

ಹಳೆಯ ಬಾಗಲಕೋಟೆಯನ್ನು ಸರಿಯಾಗಿ ನೋಡಬೇಕೆಂದರೆ ಹೋಳಿಯಲ್ಲಿ ಹೋಗಬೇಕು. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಐದು ಓಣಿಗಳ ಸರದಿಯ ಹಬ್ಬವದು. ಹಲಗೆಯ ಸದ್ದು ಏಳುತ್ತದೆ, ಬಣ್ಣದ ಬ್ಯಾರಲುಗಳನ್ನು ಹೊತ್ತ ಬಂಡಿಗಳು ಹೊರಡುತ್ತವೆ. ನವನಗರದಲ್ಲಿ ನಂಬರಿನ ಸೆಕ್ಟರಿನಲ್ಲಿ ಮನೆ ಕಟ್ಟಿಕೊಂಡವನೂ ಆ ದಿನ ‘ನಮ್ಮದು ಹಳಪೇಟೆ’ ಎನ್ನುತ್ತ ಇಳಿದು ಬರುತ್ತಾನೆ. ಬಣ್ಣವೆಲ್ಲ ಆಡಿ ಮುಗಿದ ಮೇಲೆ ಆ ಕೆಂಪು ನೀರು ಹರಿದು ಹೋಗುವುದು ಉಳಿದವರ ಓಣಿಯ ಅದೇ ಗಟಾರದಲ್ಲಿ.