ಪುಟ್ಟ ಪಾದಗಳಿಗೆ ಎಷ್ಟು ಎತ್ತರದ ಮೆಟ್ಟಿಲು?

ಗೋಕರ್ಣವನ್ನು ನೋಡಲು ಹೋದ ನಮ್ಮ ಓದುಗ ಬಂಧುಗಳಲ್ಲಿ ಅನೇಕರು ಸಮೀಪದ ತದಡಿಯನ್ನೂ ಕಂಡಿರಬಹುದು. ಕುಮಟಾ ತಾಲೂಕಿನ ಈ ಮೀನುಗಾರಿಕೆ ಬಂದರಿನ ಬಳಿಯಲ್ಲೇ ಅಘನಾಶಿನಿ ನದಿಯು ಕಡಲನ್ನು ಸೇರುತ್ತದೆ. ಅಲ್ಲಿನ ದಕ್ಕೆಯಲ್ಲಿ ಕುಳಿತು ಹರಿದ ಬಲೆಯನ್ನು ಸರಿಪಡಿಸುವವರ ಬೆರಳುಗಳನ್ನು ಗಮನಿಸಿದರೆ ಒಂದೇ ಬಗೆಯ ಗಂಟು ಮತ್ತೆ ಮತ್ತೆ ಬೀಳುತ್ತಿರುವುದು ಕಾಣುತ್ತದೆ. ಸ್ಕೌಟ್ ಪುಸ್ತಕಗಳಲ್ಲಿ ಈ ಗಂಟಿಗೆ ‘ಶೀಟ್ ಬೆಂಡ್’ ಎಂದು ಹೆಸರು. ಬೇಡನ್ ಪೊವೆಲ್ಲರು 1916ರಲ್ಲಿ ಕಿರಿಯ ಬಾಲಕರಿಗಾಗಿ ರೂಪಿಸಿದ ಕಬ್ ಪದ್ಧತಿಯಲ್ಲಿ ಮೊದಲ ನಕ್ಷತ್ರ ಪಡೆಯಬೇಕಾದರೆ ಕಟ್ಟಿ ತೋರಿಸಬೇಕಾಗಿದ್ದ ಗಂಟುಗಳಲ್ಲಿ ಇದೂ ಒಂದು. ಕಡಲ ತೀರದ ಮಗುವಿಗೆ ಮನೆಯಂಗಳದಲ್ಲೇ ಪರಿಚಿತವಾದ ಗಂಟು ಬೇರೆ ಹೆಸರು ಹೊತ್ತು ಪರೀಕ್ಷೆಯಾಗಿ ಬಂದಾಗ ಅಪರಿಚಿತವಾಗಬೇಕೆ? ಪುಟ್ಟ ಮಕ್ಕಳ ಸ್ಕೌಟ್ ಶಿಕ್ಷಣವನ್ನು ಕುರಿತು ಯೋಚಿಸುವಾಗ ನಮ್ಮ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಇದು.

ನಡೆದುಬಂದ ದಾರಿ

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಬಾಲಕರ ಶಿಬಿರದಿಂದ ಆರಂಭವಾದ ಈ ಚಳವಳಿ ಎರಡೇ ವರ್ಷಗಳಲ್ಲಿ ನಮ್ಮ ಬೆಂಗಳೂರಿಗೆ ಬಂದಿತು. 1909ರಲ್ಲಿ ಕ್ಯಾಪ್ಟನ್ ಬೇಕರ್ ಎಂಬವರು ಅಲ್ಲಿ ಭಾರತದ ಮೊದಲ ದಳವನ್ನು ಕಟ್ಟಿದರು. ಭಾರತೀಯ ಬಾಲಕರಿಗೆ ಅದರ ಬಾಗಿಲು ತೆರೆದಿರಲಿಲ್ಲವಾದ್ದರಿಂದ ಶ್ರೀರಾಮ ಬಾಜಪೇಯಿ, ಆ್ಯನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರು ಬೇರೆ ದಾರಿ ಹುಡುಕಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಹಲವು ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ಉದಯಿಸಿತು. ಕರ್ನಾಟಕದಲ್ಲಿ ಈ ಚಳವಳಿಗೆ ಬಲ ತುಂಬಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ಚಿರಸ್ಮರಣೀಯ. ದಾವಣಗೆರೆಯ ಸಮೀಪದ ಕೊಂಡಜ್ಜಿಯ ಶಿಬಿರತಾಣವನ್ನು ನಮ್ಮ ಓದುಗರಲ್ಲಿ ಹಲವರು ವಿದ್ಯಾರ್ಥಿದೆಸೆಯಲ್ಲಿ ಕಂಡಿರಬಹುದು. 2022ರ ಡಿಸೆಂಬರಿನಲ್ಲಿ ಮೂಡಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದುದು ಈಚಿನ ನೆನಪು.

ಈ ಸಂಸ್ಥೆಯಲ್ಲಿ ಐದರಿಂದ ಹತ್ತು ವರ್ಷದ ಬಾಲಕರು ‘ಕಬ್’ಗಳು, ಬಾಲಕಿಯರು ‘ಬುಲ್‌ಬುಲ್’ಗಳು. ಇವರಿಗಿಂತಲೂ ಕಿರಿಯರಿಗೆ ‘ಬನ್ನಿ’ ವಿಭಾಗವಿದೆ. ಕಬ್ ಪ್ರವೇಶ ಪಡೆದ ಮೇಲೆ ಪ್ರಥಮ, ದ್ವಿತೀಯ, ತೃತೀಯ, ಚತುರ್ಥ ಚರಣಗಳನ್ನು ಏರುತ್ತಾನೆ. ಬುಲ್‌ಬುಲ್ ಕೋಮಲ, ರಜತ, ಸ್ವರ್ಣ, ಹೀರಕ ಪಂಖಗಳನ್ನು ಗಳಿಸುತ್ತಾಳೆ. ಪ್ರತಿಜ್ಞೆ, ಧ್ವಜ, ಶುಚಿತ್ವ, ಗಂಟು, ಪ್ರಕೃತಿ ವೀಕ್ಷಣೆ, ಪ್ರಥಮ ಚಿಕಿತ್ಸೆ, ಸೇವೆ ಇವೆಲ್ಲ ಆ ಮೆಟ್ಟಿಲುಗಳಲ್ಲಿ ಹಂಚಿಕೊಂಡಿವೆ.

ವಯಸ್ಸು ಇಳಿಯಿತು, ಪರೀಕ್ಷೆ?

ಇಲ್ಲಿ ನಾವು ಮರೆಯಬಾರದ ಸಂಗತಿಯೊಂದಿದೆ. 1916ರ ಪದ್ಧತಿ ಎಂಟರಿಂದ ಹನ್ನೊಂದು ವರ್ಷದ ಬಾಲಕರಿಗಾಗಿ ಹುಟ್ಟಿದ್ದು. ತೋಳದ ಮರಿ ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ. ಆದುದರಿಂದ ಮೊದಲ ನಕ್ಷತ್ರವು ಒಂದು ಕಣ್ಣು ತೆರೆದುದರ, ಎರಡನೆಯದು ಎರಡೂ ಕಣ್ಣು ತೆರೆದುದರ ಗುರುತಾಗಿತ್ತು. ಬ್ರಿಟನ್ನಿನಲ್ಲಿ 1966ರ ವರದಿಯ ನಂತರ ನಕ್ಷತ್ರಗಳ ಸ್ಥಾನಕ್ಕೆ ಬಾಣಗಳು ಬಂದವು. ಕಬ್‌ಗಿಂತ ಚಿಕ್ಕವರಿಗೆ 1986ರಲ್ಲಿ ‘ಬೀವರ್’ ವಿಭಾಗವನ್ನೂ, 2021ರಲ್ಲಿ ನಾಲ್ಕು ವರ್ಷದವರಿಗಾಗಿ ‘ಸ್ಕ್ವಿರಲ್’ ವಿಭಾಗವನ್ನೂ ಅಲ್ಲಿ ತೆರೆದರು. ಮಗು ಚಿಕ್ಕದಾದಂತೆ ಮೆಟ್ಟಿಲೂ ಚಿಕ್ಕದಾಗಬೇಕು ಎಂಬುದೇ ಇದರ ತಿರುಳು. ಎಂಟು ವರ್ಷದವನು ಬರೆದು ತೋರಿಸುವುದನ್ನು ಐದು ವರ್ಷದವನು ಆಡಿ ತೋರಿಸುತ್ತಾನೆ. ಅವನ ಕೈಗೆ ದಾಖಲೆ ಪುಸ್ತಕವನ್ನು ಕೊಟ್ಟರೆ ಅದನ್ನು ತುಂಬುವವರು ತಾಯಿತಂದೆಯರು. ಬ್ಯಾಡ್ಜು ಮಾತ್ರ ಮಗುವಿನ ತೋಳಿಗೆ. ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ. ತಾನು ಮಾಡದ ಕೆಲಸಕ್ಕೆ ಮೆಚ್ಚುಗೆ ಪಡೆಯಬಹುದೆಂಬ ಪಾಠವನ್ನು ಮಗು ಮೊಟ್ಟಮೊದಲು ನಮ್ಮಿಂದಲೇ ಕಲಿಯುತ್ತದೆ.

ಇದಕ್ಕೆ ಪರಿಹಾರವನ್ನು ಅರಸಿ ನಾವು ಕಡಲಾಚೆ ಹೋಗಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ-ಕಲಿ’ ನಮ್ಮ ಕಣ್ಣೆದುರಿಗಿದೆ. ಅಲ್ಲಿ ಕಲಿಕೆಗೊಂದು ಏಣಿ, ಏಣಿಯಲ್ಲಿ ಮೈಲುಗಲ್ಲುಗಳು. ಪ್ರತಿ ಮಗುವೂ ತನ್ನ ವೇಗಕ್ಕೆ ತಕ್ಕಂತೆ ಏರುತ್ತದೆ. ಕೆಲವು ದಿನ ಶಾಲೆ ತಪ್ಪಿದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಕಬ್ ಮೆಟ್ಟಿಲುಗಳನ್ನೂ ಇದೇ ಮನೋಭಾವದಿಂದ ನೋಡಲು ಅಡ್ಡಿಯೇನು?

ತದಡಿಯ ಮಗು, ತದಡಿಯ ಪಾಠ

ಪಠ್ಯಕ್ರಮವು ರಾಷ್ಟ್ರೀಯ ಪ್ರಧಾನ ಕಚೇರಿಯಿಂದ ಬರುತ್ತದೆ, ನಿಜ. ಆದರೆ ಅದಕ್ಕೆ ಜೀವ ತುಂಬುವುದು ಊರಿನ ಶಿಕ್ಷಕರ ಮತ್ತು ಮನೆಯವರ ಕೈಯಲ್ಲಿದೆ. ಪ್ರಕೃತಿ ವೀಕ್ಷಣೆಯ ವಿಷಯವನ್ನೇ ತೆಗೆದುಕೊಳ್ಳೋಣ. ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವೆಂದು ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ನೀರಿಳಿದಾಗ ಬಳಚು ಆರಿಸುವವರು, ಕಾಂಡ್ಲಾ ಗಿಡಗಳು, ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳು, ಸಾಣಿಕಟ್ಟಾದ ಉಪ್ಪಿನಾಗರಗಳು ಇವೆಲ್ಲ ಅಲ್ಲಿನ ಮಗುವಿನ ತೆರೆದ ಪುಸ್ತಕ. ಒಂದು ವಾರ ಹಿರಿಯರೊಡನೆ ದಡದಲ್ಲಿ ನಿಂತು ಉಬ್ಬರ ಇಳಿತಗಳ ಹೊತ್ತನ್ನು ಗಮನಿಸಿದ ಮಗುವಿಗೆ, ಅದು ದಿನದಿನಕ್ಕೆ ಮುಂದೆ ಸರಿಯುವುದು ತಾನಾಗಿ ಹೊಳೆಯುತ್ತದೆ. ಪುಸ್ತಕದ ಎಲೆಗಳನ್ನು ಅಂಟಿಸಿದ ಹತ್ತು ಹಾಳೆಗಳಿಗಿಂತ ಈ ಹೊಳಹು ಹೆಚ್ಚಿನದಲ್ಲವೆ? ಬಯಲುಸೀಮೆಯ ಮಗುವಿಗೆ ಜೋಳದ ಹೊಲವಿದೆ, ಕೆರೆಯಿದೆ, ಕಣವಿದೆ.

ಹೀಗೆ ಮಾಡಿದರೆ ಮಟ್ಟ ಇಳಿಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಸಡಿಲಿಸಬೇಕಾದುದು ಪರೀಕ್ಷೆಯ ರೂಪವನ್ನೇ ಹೊರತು ಪ್ರಯತ್ನವನ್ನಲ್ಲ. ಕೈಲಾದಷ್ಟನ್ನು ಪೂರ್ಣ ಮನಸ್ಸಿನಿಂದ ಮಾಡುವುದೇ ಕಬ್‌ನ ಧ್ಯೇಯ. ಚುರುಕಾದ ಮಗು ಅರೆಮನಸ್ಸಿನಿಂದ ಕಟ್ಟಿದ ಗಂಟಿಗಿಂತ, ತಡವಾಗಿ ಕಲಿಯುವ ಮಗು ಇಪ್ಪತ್ತು ಸಲ ಬಿಚ್ಚಿ ಕಟ್ಟಿದ ಗಂಟು ಹೆಚ್ಚು ಯೋಗ್ಯ. ಇದನ್ನು ಒಂದು ದಿನದ ಪರೀಕ್ಷೆಯಲ್ಲಿ ಅಳೆಯಲಾಗದು. ವಾರಗಟ್ಟಲೆ ನೋಡಿದ ಶಿಕ್ಷಕರ ಕಣ್ಣೇ ಅದಕ್ಕೆ ಅಳತೆಗೋಲು.

ಮೆಟ್ಟಿಲುಗಳ ಮಾತು ನಮಗೆ ಹೊಸತಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳ ಪಥವನ್ನು ನಮ್ಮ ಹಿರಿಯರು ತೋರಿಸಿದ್ದಾರೆ. ಆ ಪಥದಲ್ಲಿ ಪಕ್ಕದವನೊಡನೆ ಪೈಪೋಟಿಯಿಲ್ಲ. ನಿನ್ನೆಯ ತನಗಿಂತ ಇಂದು ತಾನು ಮೇಲೇರುವುದೇ ಏಳಿಗೆ. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರೂ ಶರಣರ ಸಾಲಿನಲ್ಲಿ ಸಮಾನರಾಗಿ ನಿಂತವರು. ಬಲೆಯ ಗಂಟು ಬಲ್ಲ ಮೀನುಗಾರರ ಮಗುವೂ, ಅಂಗಡಿಯ ಲೆಕ್ಕ ಬಲ್ಲ ವರ್ತಕರ ಮಗುವೂ ಒಂದೇ ಸಾಲಿನಲ್ಲಿ ನಿಂತು ಪ್ರತಿಜ್ಞೆ ಮಾಡುವಲ್ಲಿ ಅದೇ ಸಮಾನತೆಯ ಎಳೆಯನ್ನು ನಾವು ಕಾಣುತ್ತೇವೆ.

ಆದುದರಿಂದ ತಾಯಿತಂದೆಯರಲ್ಲಿ ನಮ್ಮ ಕೋರಿಕೆ ಇಷ್ಟೇ. ಮಗು ಬ್ಯಾಡ್ಜು ಧರಿಸಿ ಮನೆಗೆ ಬಂದಾಗ ‘ಉಳಿದವರಿಗೂ ಬಂತೆ?’ ಎಂದು ಕೇಳದಿರೋಣ. ‘ಏನು ಕಲಿತೆ? ನನಗೂ ತೋರಿಸು’ ಎಂದು ಒಂದು ಹಗ್ಗದ ತುಂಡನ್ನು ಅದರ ಕೈಗೆ ಕೊಡೋಣ. ಗಂಟು ಸಡಿಲವಾಗಿದ್ದರೆ ನಾವೇ ಬಿಗಿದುಕೊಡದೆ, ಇನ್ನೊಮ್ಮೆ ಕಟ್ಟುವವರೆಗೆ ಕಾಯೋಣ.