ಹೊಳೆ ಇಳಿದ ಮೇಲೆ

ನಮ್ಮ ಉತ್ತರ ಕರ್ನಾಟಕದ ಹೊಳೆ ದಂಡೆಯ ಊರುಗಳಿಗೆ ಪ್ರವಾಹ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ನೆನಪಿದೆಯಲ್ಲ? ವಿಜಯಪುರ, ಬಾಗಲಕೋಟೆ, ರಾಯಚೂರು ಕಡೆ ಊರಿಗೆ ಊರೇ ನೀರಾದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮತ್ತೆ 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ಮಕ್ಕಳು, ದನಕರು, ಕಾಳಿನ ಚೀಲ ಕಟ್ಟಿಕೊಂಡು ಊರು ಬಿಟ್ಟೆವು. ಶಾಲೆಯಲ್ಲಿ, ಗುಡಿಯಲ್ಲಿ ದಿನ ಕಳೆದೆವು.

ನೀರು ಇಳಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು. "ಹೊಳಿ ಇಳೀತು, ಇನ್ನ ಭಯ ಇಲ್ಲ ಬಿಡವಾ."

ಆದರೆ ಇನ್ನೊಂದು ಭಯ ಆಗಲೇ ಶುರುವಾಗುತ್ತದೆ. ಅದು ನಮ್ಮ ಕುಡಿಯುವ ನೀರಿನ ಕೊಡದಲ್ಲೇ ಇರುತ್ತದೆ.

ಹೊಳೆ ಊರೊಳಗೆ ಬಂದರೆ ಏನಾಗುತ್ತದೆ? ಕಕ್ಕಸು ಗುಂಡಿ ತುಂಬಿ ಹರಿಯುತ್ತದೆ. ತಿಪ್ಪೆ ತೇಲುತ್ತದೆ. ಸತ್ತ ಕೋಳಿ, ಕುರಿ ಕೊಳೆಯುತ್ತವೆ. ಎಲ್ಲಾ ಕಲಸಿದ ಆ ನೀರು ಬಾವಿಗೆ ಇಳಿಯುತ್ತದೆ. ಪೈಪು ಒಡೆದಿದ್ದರೆ ನಳಕ್ಕೂ ಬರುತ್ತದೆ. ಎರಡು ದಿನ ಬಿಟ್ಟರೆ ಮಣ್ಣು ತಳ ಸೇರುತ್ತದೆ. ನೀರು ತಿಳಿಯಾಗಿ ಕಾಣುತ್ತದೆ. ನಾವು ಕಣ್ಣನ್ನು ನಂಬಿ ಮೋಸ ಹೋಗುತ್ತೇವೆ. ಪಟಿಕ ಆಡಿಸಿದರೂ ಅಷ್ಟೇ, ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಮಣ್ಣು ಹೋಗುತ್ತದೆ, ರೋಗಾಣು ಉಳಿಯುತ್ತದೆ. ವಾಂತಿ-ಭೇದಿ, ಕಾಲರಾ, ಟೈಫಾಯಿಡ್, ಕಾಮಾಲೆ, ಇವೆಲ್ಲ ಬರುವ ದಾರಿ ಈ ನೀರೇ.

ರೋಗಾಣು ಸಾಯಬೇಕಾದರೆ ನೀರು ಕುದಿಯಬೇಕು. ಬೆಚ್ಚಗೆ ಮಾಡಿದರೆ ಸಾಲದು. ಕೊತಕೊತ ಕುದಿ ಬಂದ ಮೇಲೂ ಒಂದೆರಡು ನಿಮಿಷ ಒಲೆಯ ಮೇಲೇ ಇರಲಿ. ಮುಚ್ಚಿ ಆರಿಸಿ, ಅದೇ ಪಾತ್ರೆಯಲ್ಲಿ ಇಡೋಣ. ನೀರು ತೆಗೆಯುವಾಗ ಕೈ ಅದ್ದಬಾರದು. ಉದ್ದ ಹಿಡಿಕೆಯ ಸೌಟು ಇರಲಿ.

ಹೇಳುವುದು ಸುಲಭ. ಪ್ರವಾಹ ಬಂದ ಊರಲ್ಲಿ ಒಣ ಕಟ್ಟಿಗೆ ಎಲ್ಲಿದೆ? ಅದಕ್ಕೇ ಕ್ಲೋರಿನ್ ಗುಳಿಗೆ ಇದೆ. ಆಶಾ ಕಾರ್ಯಕರ್ತೆಯನ್ನು, ನರ್ಸಮ್ಮನನ್ನು ಕೇಳೋಣ. ಗುಳಿಗೆ ಸಣ್ಣದೂ ಇದೆ, ದೊಡ್ಡದೂ ಇದೆ. ಒಂದು ಗುಳಿಗೆ ಎಷ್ಟು ನೀರಿಗೆ ಎಂದು ಮೇಲೆ ಬರೆದಿರುತ್ತದೆ. ಈಗ ನಮಗೆ ಓದಲು ಬರುತ್ತದಲ್ಲ, ಓದಿಯೇ ಹಾಕೋಣ. ಇಂಗ್ಲಿಷಿನಲ್ಲಿ ಇದ್ದರೆ ಕೇಳಿ ತಿಳಿದು, ನಾವೇ ಕನ್ನಡದಲ್ಲಿ ಚೀಟಿ ಬರೆದು ಅಂಟಿಸೋಣ. ರಾಡಿ ನೀರಾದರೆ ಮೊದಲು ಸೋಸಬೇಕು. ಗುಳಿಗೆ ಹಾಕಿ ಅರ್ಧ ತಾಸು ಬಿಟ್ಟು ಕುಡಿಯಬೇಕು. "ಈ ವಾಸನಿ ನೀರು ಯಾರು ಕುಡೀತಾರ?" ಎಂದು ಚೆಲ್ಲುವವರೂ ಇದ್ದಾರೆ. ಸ್ವಲ್ಪ ವಾಸನೆ ಇದ್ದರೇ ಒಳ್ಳೆಯದು. ಔಷಧಿ ಇನ್ನೂ ಕೆಲಸ ಮಾಡುತ್ತಿದೆ ಎಂದು ಅರ್ಥ.

ಇಷ್ಟಾದರೂ ಕೂಸಿಗೆ ಭೇದಿ ಹತ್ತಿತು ಅನ್ನಿ. ಮನೆಯ ಹಿರಿಯರು ಹೇಳುತ್ತಾರೆ: "ನೀರು ಕುಡಿಸಬ್ಯಾಡ, ಕುಡಿಸಿದಷ್ಟೂ ಹೋಗ್ತದ." ಅದು ಪ್ರೀತಿಯ ಮಾತೇ. ಆದರೆ ಅದರಿಂದಲೇ ಕೂಸು ಕೈಬಿಟ್ಟು ಹೋದೀತು. ಭೇದಿಯಲ್ಲಿ ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ. ಹೋದದ್ದನ್ನು ತುಂಬಬೇಕು. ಓಆರ್‌ಎಸ್ ಪುಡಿ ಸಿಕ್ಕರೆ ಅದನ್ನೇ ಕಲಸೋಣ. ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಕುದಿಸಿ ಆರಿಸಿದ ಒಂದು ಲೀಟರ್ ನೀರು, 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ. ಮೊದಲು ನಾವೇ ರುಚಿ ನೋಡೋಣ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಬೇಕು. ಪ್ರತಿ ಸಲ ಭೇದಿ ಆದಾಗ ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚದಿಂದ ನಿಧಾನವಾಗಿ ಕೊಡಬೇಕು. ಮಾಡಿದ ನೀರು ಒಂದು ದಿನಕ್ಕೆ ಮಾತ್ರ. ಎದೆಹಾಲು ನಿಲ್ಲಿಸಬಾರದು. ಮಕ್ಕಳಿಗೆ ಜಿಂಕ್ ಗುಳಿಗೆ ಕೊಟ್ಟರೆ ಭೇದಿ ನಿಂತ ಮೇಲೂ 14 ದಿನ ಮುಗಿಸಬೇಕು.

ಕಣ್ಣು ಗುಳಿ ಬಿದ್ದರೆ, ಕೂಸು ಕುಡಿಯಲಾರದೆ ಮಂಪರಾದರೆ, ಭೇದಿಯಲ್ಲಿ ರಕ್ತ ಬಂದರೆ, ಅಕ್ಕಿ ತೊಳೆದ ನೀರಿನಂತೆ ಹೋದರೆ ಮನೆಯಲ್ಲಿ ಕೂರಬಾರದು. 108ಕ್ಕೆ ಫೋನು ಮಾಡಬೇಕು. ದಾರಿಯಲ್ಲೂ ಕುಡಿಸುತ್ತಲೇ ಹೋಗಬೇಕು.

ಮನೆಯ ರಾಡಿ ಬಳಿಯುವುದು ಹೆಚ್ಚಾಗಿ ನಾವೇ, ಅದೂ ಬರಿಗಾಲಲ್ಲಿ. ಇಲಿಯ ಉಚ್ಚೆ ಆ ನೀರಿನಲ್ಲಿ ಸೇರಿರುತ್ತದೆ. ಕಾಲಿನ ಸೀಳು, ಗಾಯದಿಂದ ಒಳಗೆ ಹೋಗಿ ಇಲಿ ಜ್ವರ ಬರುತ್ತದೆ. ಬೂಟು ಇಲ್ಲದಿದ್ದರೆ ಚಪ್ಪಲಿಯಾದರೂ ಇರಲಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಇದ್ದರೆ "ನಾನು ಪ್ರವಾಹದ ನೀರಾಗ ಇಳಿದಿದ್ದೆ" ಎಂದು ಡಾಕ್ಟರಿಗೆ ಹೇಳಲೇಬೇಕು. ಕಟ್ಟಿಗೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯೋಣ, ಹಾವು ಸೇರಿರುತ್ತದೆ. ಒಡೆದ ಕೊಡ, ಟಯರಿನಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಸೊಳ್ಳೆ ಕಡಿಮೆ.

ಇನ್ನೊಂದು ಮಾತು. ಗಂಡಸರ ಮುಂದೆ ನಾವು ಇದನ್ನು ಹೇಳುವುದಿಲ್ಲ. ಗಂಜಿ ಕೇಂದ್ರದಲ್ಲಿ ಮರೆ ಇರುವ ಕಕ್ಕಸು ಇಲ್ಲವೆಂದು ಎಷ್ಟೋ ಜನ ಇಡೀ ದಿನ ನೀರೇ ಕುಡಿಯುವುದಿಲ್ಲ. ಕತ್ತಲಾಗಲಿ ಎಂದು ತಡೆದುಕೊಳ್ಳುತ್ತಾರೆ. ಉರಿಮೂತ್ರ ಬರುವುದು ಹೀಗೆಯೇ. ಬಸುರಿಯರಿಗೆ ಇದು ಇನ್ನೂ ಅಪಾಯ. ಮುಟ್ಟಿನ ಬಟ್ಟೆ ಒಣಗಿಸಲೂ ಜಾಗ ಇರುವುದಿಲ್ಲ. ನಾಲ್ಕೈದು ಜನ ಕೂಡಿ ಹೋಗಿ ಕೇಂದ್ರದ ಅಧಿಕಾರಿಯನ್ನು ಕೇಳೋಣ: ಹೆಂಗಸರಿಗೆ ಬೇರೆ ಕಕ್ಕಸು, ಅದಕ್ಕೆ ಬಾಗಿಲು, ದೀಪ, ಜೊತೆಗೆ ಪ್ಯಾಡು. ಒಬ್ಬಳೇ ಕೇಳಲು ನಾಚಿಕೆ, ಐದು ಜನಕ್ಕೆ ಇಲ್ಲ.

ಊರಿಗೆ ಮರಳಿದ ಮೇಲೆ ಮೊದಲ ಕೆಲಸ ಬಾವಿಯದು. ಇದನ್ನು ಗ್ರಾಮ ಪಂಚಾಯಿತಿಯಿಂದ ಮಾಡಿಸಬೇಕು. ರಾಡಿ ನೀರು ಎತ್ತಿ ಹಾಕಿ, ಆರೋಗ್ಯ ಇಲಾಖೆಯವರು ಹೇಳಿದ ಅಳತೆಯಲ್ಲಿ ಬ್ಲೀಚಿಂಗ್ ಪುಡಿ ಕಲಸಿ ಹಾಕಬೇಕು. ಒಂದು ರಾತ್ರಿ ಯಾರೂ ಕೊಡ ಇಳಿಸಬಾರದು. ಮರುದಿನ ವಾಸನೆ ಇಳಿಯುವವರೆಗೆ ನೀರು ಎತ್ತಿ ಚೆಲ್ಲಬೇಕು. ಆ ದಿನ ಕಟ್ಟೆಯ ಹತ್ತಿರ ಒಬ್ಬರು ಕಾವಲು ಕೂರೋಣ. "ಬಾವಿ ನೀರು ಇವತ್ತು ಮುಟ್ಟಬೇಡಿ" ಎಂದು ಹಲಗೆಯ ಮೇಲೆ ಸುಣ್ಣದಲ್ಲಿ ಬರೆಯೋಣ. ಅಕ್ಷರ ದೊಡ್ಡದಾಗಿರಲಿ.